ಅರವಟ್ಟಿಗೆಯ ಪಾನಕ

ನಾಗರಬಾವಿ
ಮೇ ೧೩, ಬುಧವಾರ ಮಧ್ಯಾಹ್ನ

ನನ್ನ ಮುದ್ದು ರಂಜಿನಿಗೆ, ನಿನ್ನ ಅಮ್ಮ ಮಾಡುವ ಆಶೀರ್ವಾದ.

ನನ್ನ ಕೈಬರಹ ನೋಡಿದ ತಕ್ಷಣ ಕಾಗದ ಮಡಚಿ ದಿಂಬಿನ ಕೆಳಗೆ ತುರುಕಬೇಡ ಕಣೇ. ನಿನ್ನ ಸಿಟ್ಟು ನನಗೆ ಗೊತ್ತಿಲ್ವಾ? ನನ್ನ ಹೊಟ್ಟೆಯಿಂದಲೇ ತಾನೇ ಅದು ಬಂದಿದ್ದು. ಬೈಯೋದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿ.

ನೀನು ಬಾಡಿಗೆಗಿರೋ ಮನೆಯ ಮೆಟ್ಟಿಲ ಮೇಲೆ ಕೂತು ಬರೀತಾ ಇದೀನಿ. ಭಾನುವಾರದಿಂದ ನಿನ್ನ ಫೋನು ಸ್ವಿಚ್ ಆಫ್. ಕೊನೆಗೆ ನಿನ್ನ ಫ್ರೆಂಡು ಮಾಲಾನ ಕಾಡಿ ಬೇಡಿ ಅಡ್ರೆಸ್ ಇಸ್ಕೊಂಡು, ಬೆಳಿಗ್ಗೆ ಹೆಗ್ಗನಹಳ್ಳಿಯಿಂದ ಬಸ್ಸು ಬದಲಾಯಿಸಿ ಬದಲಾಯಿಸಿ ಬಂದೆ. ಬಂದು ನೋಡಿದರೆ ಬಾಗಿಲು ಹಾಕಿದೆ. ಕೆಳಗಡೆ ಇರೋ ನಿನ್ನ ಓನರ್ ಜಗದಾಂಬಾ ಅವರು, ಆಕಿ ನಿನ್ನೆನ ದವಾಖಾನಿಗೆ ಸೇರ್ಯಾಳ್ರೀ, ನಾಳೆ ಆಪರೇಷನ್ ಐತಿ ಅಂದರು. ಯಾವ ಆಸ್ಪತ್ರೆ ಅಂದರೆ ಮಾತ್ರ ಬಾಯಿ ಬಿಡ್ತಾ ಇಲ್ಲ. ಯಾರು ಕೇಳಿದರೂ ಹೇಳಬೇಡಿ ಅಂತ ನೀನು ಅವರ ಹತ್ತಿರ ಮಾತು ತಗೊಂಡಿದೀಯಂತೆ. ಯಾರು ಕೇಳಿದರೂ ಅಂದರೆ ನಾನೂ ಸೇರಿದೀನಾ ಅಂತ ಕೇಳಿದೆ.

ಅವರ ಕಾಲು ಹಿಡಿಯೋಕೆ ಬಗ್ಗಿದೆ ಕಣೇ. ಪುಣ್ಯಾತ್ಗಿತ್ತಿ ಹಿಂದಕ್ಕೆ ಸರಿದು, ಅಕ್ಕಾರ, ಹಂಗೆಲ್ಲ ಮಾಡಬ್ಯಾಡ್ರಿ, ಏನು ಹೇಳೋದೈತಿ ಬರದು ಕೊಡ್ರಿ, ಸಂಜೀಕ ಆಕಿಗೆ ಗಂಜಿ ಒಯ್ತೀನಿ, ಓದಿ ಹೂಂ ಅಂದ್ರ ಬಂದು ನಿಮ್ಮನ್ನ ಕರಕೊಂಡು ಹೋಗ್ತೀನಿ ಅಂದರು. ಹಾಳೆ ಪೆನ್ನು ಎಲ್ಲ ಅವರದೇ. ಏಳನೇ ಕ್ಲಾಸು ಓದಿದವಳು ನಾನು, ತಪ್ಪು ಒಪ್ಪು ನೀನೇ ಸರಿ ಮಾಡ್ಕೊಂಡು ಓದು. ನಿನ್ನ ಬಾಯಿಂದ ಆ ಹೂಂ ಬರದೇ ಹೋದರೆ ನಾಳೆ ನೀನು ಒಬ್ಬಳೇ ಒಳಗೆ ಹೋಗ್ತೀಯ.

ಭಾನುವಾರ ಗೂಳಿಬೆಟ್ಟದಲ್ಲಿ ನೀನು ಅಷ್ಟು ಕೇಳಿಕೊಂಡರೂ ನಾನು ತುಟಿ ಪಿಟಕ್ ಅನ್ನಲಿಲ್ಲ. ಅದಕ್ಕೇ ಅಲ್ವಾ ನಿನಗೆ ಕೋಪ? ಕಾರಣ ಇದೆ, ಕೇಳು.

ಚಿಕ್ಕವಳಿದ್ದಾಗ ವರ್ಷಾ ವರ್ಷಾ ನನ್ನ ಸೆರಗು ಹಿಡ್ಕೊಂಡು ಆ ಬೆಟ್ಟ ಹತ್ತಿದವಳು ನೀನು. ನಿನಗೆ ನಾನು ಹೇಳಿಕೊಡಬೇಕಾ? ಬೇಸಗೆಯಲ್ಲಿ ಬೆಟ್ಟದಮ್ಮನ್ನ ಅಡ್ಡೆ ಮೇಲೆ ಕೂರಿಸಿ, ನಮ್ಮ ತವರಿನ ಗಂಡಸರು ಹೆಗಲು ಕೊಟ್ಟು ಊರಿಂದ ಬೆಟ್ಟದ ತುದಿಗೆ ಹೊತ್ತುಕೊಂಡು ಹೋಗುವಾಗ, ಹರಕೆ ಹೊತ್ತವರು ಬಾಯಿಬೀಗ ಹಾಕಿಸಿಕೊಂಡು ಬರಿಗಾಲಲ್ಲಿ ಹಿಂದೆ ನಡೀತಾರೆ. ಗಂಡಸರಿಗೆ ಕೆನ್ನೆಗೆ ಕಂಬಿ. ಹೆಂಗಸರಿಗೆ ಚುಚ್ಚಲ್ಲ, ಪೂಜಾರಿ ನಾಲಿಗೆ ಕೆಳಗೆ ಒಂದು ಬೇವಿನೆಲೆ ಇಡ್ತಾನೆ. ತುದಿ ಮುಟ್ಟಿ ಅಮ್ಮನ ಪಾದದ ಹತ್ತಿರ ಆ ಎಲೆ ಉಗುಳೋ ತನಕ ಮಾತಿಲ್ಲ, ತೊಟ್ಟು ನೀರಿಲ್ಲ. ಮಧ್ಯೆ ಬಾಯಿ ಬಿಟ್ಟರೆ ಯಾರಿಗೋಸ್ಕರ ಹೊತ್ತಿದೀವೋ ಅವರಿಗೇ ಕೇಡು.

ಈ ಸಲ ನಾನೂ ಹಾಕಿಸಿಕೊಂಡೆ. ಯಾರಿಗೋಸ್ಕರ ಅಂತ ಕೇಳ್ತೀಯಾ? ನೀನು ಗಂಡನ ಮನೆ ಬಿಟ್ಟು ಹೋಗಿ ಎರಡು ವರ್ಷ ಆಯ್ತಲ್ಲ ಕಣೇ. ತಾಯೀ, ನನ್ನ ಮಗಳನ್ನ ಒಂದೇ ಒಂದು ಸಲ ಕಣ್ಣಿಗೆ ತೋರಿಸು ಅಂತ ಬೇಡಿಕೊಂಡೆ. ಕಾಲಡಿ ಬಂಡೆ ಕಾದ ಹೆಂಚಿನ ಥರ ಸುಡ್ತಾ ಇತ್ತು. ನಾನು ನಿನ್ನ ಹೆಸರು ಹೇಳ್ಕೊಂಡೇ ನಡೆದೆ, ಮನಸ್ಸಿನಲ್ಲಿ.

ತೋರಿಸಿಬಿಟ್ಟಳಲ್ಲ ಅಮ್ಮ! ಅರವಟ್ಟಿಗೆ ಚಪ್ಪರದ ಕಂಬಕ್ಕೆ ಒರಗಿಕೊಂಡು ನೀನು ನಿಂತಿದ್ದೆ. ಎಷ್ಟು ಇಳಿದು ಹೋಗಿದೀಯೇ! ಆ ಹಸಿರು ಚೂಡಿದಾರ್ ಭುಜದ ಮೇಲೆ ನಿಲ್ತಾ ಇರಲಿಲ್ಲ. ಈ ಜಾತ್ರೆ ಜನದಲ್ಲಾದರೆ ಅಮ್ಮ ಸಿಕ್ಕೇ ಸಿಗ್ತಾಳೆ ಅಂತ ಹುಡುಕ್ಕೊಂಡು ಬಂದಿದ್ದೆ ಅಲ್ವಾ. ನೀನೇ ಪಾನಕದ ಲೋಟ ತಂದು ನನ್ನ ಕೈಲಿಟ್ಟೆ. ಬೆಲ್ಲ ಕಮ್ಮಿ, ಶುಂಠಿ ಜಾಸ್ತಿ, ಯಾವ ಮಹಾತಾಯಿ ಕದಡಿದ್ದಳೋ. ಆಮೇಲೆ ಮೆಲ್ಲಗೆ ಹೇಳಿದೆ, ಗರ್ಭಕೋಶದಲ್ಲಿ ಗಡ್ಡೆ ಇದೆ, ಗುರುವಾರ ತೆಗೀತಾರೆ, ಎಂಥದ್ದು ಅಂತ ತೆಗೆದ ಮೇಲೇ ಗೊತ್ತಾಗೋದು ಅಂತ. ಭಯ ಆಗ್ತಿದೆ ಅಮ್ಮ, ಬರ್ತೀನಿ ಅಂತ ಒಂದು ಮಾತು ಹೇಳು ಸಾಕು ಅಂತ.

ನಾನು ಲೋಟದ ತಳ ನೋಡ್ತಾ ನಿಂತೆ. ಬಾಯಲ್ಲಿ ಬೇವಿನೆಲೆ ಕಣೇ. ಮಾತಾಡಿಬಿಟ್ಟರೆ ಆಪರೇಷನ್ ಟೇಬಲ್ ಮೇಲೆ ನಿನಗೇ ಏನಾದರೂ ಆದೀತು ಅಂತ ಜೀವ ಹೊಡ್ಕೊಳ್ತಾ ಇತ್ತು. ನೀನು ಕಾದೆ. ಇನ್ನೊಂದು ಸಲ ಅಮ್ಮಾ ಅಂದೆ. ಆಮೇಲೆ ಸರಿ ಬಿಡು ಅಂದು ಜನದೊಳಗೆ ಹೋಗಿಬಿಟ್ಟೆ. ನಿನ್ನ ಬೆನ್ನೇ ಕಣ್ಣ ಮುಂದೆ ಇದೆ.

ನಿಮ್ಮ ಮಾವ, ನನ್ನ ಅಣ್ಣ ಮುತ್ತುರಾಜ ಪಕ್ಕದಲ್ಲೇ ಇದ್ದ, ಅಣ್ಣನಿಗೆ ಹೆದರಿ ಇವಳು ಮೂಕಿಯಾದಳು ಅಂತ ನೀನು ಅಂದುಕೊಂಡಿರಬೇಕು. ಅಲ್ಲವೇ ಅಲ್ಲ. ಅವನ ಮಗ ಮಹೇಶನಿಗೆ ನಿನ್ನನ್ನ ಕೊಟ್ಟವಳು ನಾನೇ, ತವರು ಮನೆ, ಚೆನ್ನಾಗಿ ನೋಡ್ಕೋತಾರೆ ಅಂತ. ಮಕ್ಕಳಾಗಲಿಲ್ಲ ಅಂತ ಅವನು ಕೈ ಮಾಡಿದಾಗ ಹೊಂದಿಕೊಂಡು ಹೋಗು ಅಂದವಳೂ ನಾನೇ. ನೀನು ಹೊರಟು ಹೋದ ದಿನ ಅಣ್ಣ, ಅವಳ ಜೊತೆ ಮಾತಾಡಿದರೆ ನೀನೂ ನನ್ನ ಮನೆ ಖಾಲಿ ಮಾಡು ಅಂದಿದ್ದು ನಿಜ. ನಿಮ್ಮಪ್ಪ ಹೋದ ಮೇಲೆ ಅವನ ತಾರಸಿ ಮೇಲಿನ ಶೀಟ್ ರೂಮೇ ನನಗೆ ನೆರಳು, ಅದೂ ನಿಜ. ಆದರೆ ಭಾನುವಾರ ನನ್ನ ಬಾಯಿ ಕಟ್ಟಿದ್ದು ಬೆಟ್ಟದಮ್ಮ, ಅಣ್ಣ ಅಲ್ಲ. ದೇವರಾಣೆ ಅಂತ ಬರೀಬೇಕು ಅನ್ನಿಸುತ್ತೆ, ಯಾಕೋ ಕೈ ಬರ್ತಾ ಇಲ್ಲ.

ಇಂಜೆಕ್ಷನ್ ಅಂದರೆ ನೀನು ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತಾ ಇದ್ದೆ, ನೆನಪಿದೆಯಾ? ನನ್ನ ಕಿವಿ ಹಾಲೆ ಬಿಗಿಯಾಗಿ ಹಿಡ್ಕೊಂಡರೆ ಮಾತ್ರ ಸುಮ್ಮನಾಗ್ತಿದ್ದೆ. ಓಲೆ ಕಿತ್ತು ಬರೋ ಹಾಗೆ ಹಿಡೀತಿದ್ದೆ, ರಾಕ್ಷಸಿ. ನಾಳೆ ಯಾರ ಕಿವಿ ಹಿಡ್ಕೋತೀಯೇ? ಓಲೆ ಬಿಚ್ಚಿಟ್ಟು ಬಂದಿದೀನಿ. ನಾನೇನೂ ಮಾತಾಡಲ್ಲ, ಅಳಲ್ಲ, ಬುದ್ಧಿ ಹೇಳಲ್ಲ. ಮಂಪರು ಇಳಿದು ನೀನು ಕಣ್ಣು ಬಿಟ್ಟಾಗ ಅಲ್ಲಿ ಇರ್ತೀನಿ, ಅಷ್ಟೇ. ಒಳಗೆ ಬಿಡದಿದ್ದರೆ ಗೇಟಿನ ಹತ್ತಿರ ಇರ್ತೀನಿ. ಗರ್ಭಕೋಶ ಹೋದರೆ ಹೋಗಲಿ, ಗಡ್ಡೆ ಎಂಥದ್ದಾದರೂ ಆಗಲಿ, ನೀನು ಉಳಿ ಕಣೇ. ಬೇರೆ ಏನೂ ಬೇಡ ನನಗೆ.

ಜಗದಾಂಬಾ ಅವರು ಗಂಜಿಗೆ ಅಕ್ಕಿ ಹುರೀತಾ ಇದ್ದಾರೆ, ವಾಸನೆ ಬರ್ತಿದೆ. ಇನ್ನು ಹೊರಡ್ತಾರೆ. ಹೂಂ ಅಂದು ಕಳಿಸು ಮಗಳೇ, ದಮ್ಮಯ್ಯ ಅಂತೀನಿ.

ನಿನ್ನ ಬಾಗಿಲಲ್ಲೇ ಕೂತಿರೋ,
ಅಮ್ಮ
(ಚಿಕ್ಕಗಂಗಮ್ಮ)

ತಾ.ಕ.: ಕೊಡೋಕೆ ಮುಂಚೆ ಒಂದು ಸಲ ಓದಿದೆ. ಪಾನಕದ ಸಾಲನ್ನ ಮತ್ತೆ ಓದಿದೆ. ಬಾಯಲ್ಲಿ ಬೇವಿನೆಲೆ ಇದ್ದವಳಿಗೆ ಬೆಲ್ಲ ಕಮ್ಮಿ ಅಂತ ಹೇಗೆ ಗೊತ್ತಾಗುತ್ತೆ? ಲೋಟ ಕೈಲಿಟ್ಟು ನೀನು ನನ್ನ ಗಂಟಲನ್ನೇ ನೋಡ್ತಾ ನಿಂತಿದ್ದು ಯಾಕೆ ಅಂತ ಈಗ ಹೊಳೀತು. ಎಲೆ ಇದೆಯಾ ಇಲ್ವಾ ಅಂತ ತಿಳ್ಕೊಳ್ಳೋಕೇ ಕೊಟ್ಟೆ ಅಲ್ವಾ? ನಾನು ಗಟಗಟ ಕುಡಿದುಬಿಟ್ಟೆ. ಎಲೆ ಉಗುಳಿ, ಕೈ ಮುಗಿದು, ಬೆಟ್ಟ ಇಳಿದು ಬಂದಿದ್ದೆ ಕಣೇ. ನನ್ನ ಬಾಯಲ್ಲಿ ಏನೂ ಇರಲಿಲ್ಲ. ಅಣ್ಣ ನೋಡ್ತಾ ಇದ್ದ, ಅಷ್ಟೇ.

ಇದನ್ನ ಹರಿದು ಬೇರೆ ಬರೆಯೋಣ ಅಂದುಕೊಂಡೆ. ಬೇಡ. ಸುಳ್ಳೂ ಓದು, ನಿಜಾನೂ ಓದು, ಎರಡೂ ನಿನ್ನ ಅಮ್ಮನೇ. ಬೆಳಿಗ್ಗೆ ಅಣ್ಣ ಎಲ್ಲಿಗೆ ಅಂದ. ಮಗಳ ಹತ್ತಿರ ಅಂದೆ. ಹಾಗಾದರೆ ರೂಮಿನ ಕೀ ಇಟ್ಟು ಹೋಗು ಅಂದ. ಇಟ್ಟು ಬಂದೆ. ನೀನು ಭಾನುವಾರ ಕೇಳಿದ್ದು ಒಂದೇ ಮಾತು. ಬರ್ತೀನಿ ಕಣೇ. ಬರ್ತೀನಿ.