ಎಂಟು ವರ್ಷ ಏಳದ ಮಷೀನ್

೧೮ ಸೆಪ್ಟೆಂಬರ್ ೨೦೨೫, ಗುರುವಾರ

ಕೌದಿ ಹನ್ನೆರಡನೇ ಸಾಲು ಮುಗೀತು. ಹೆಬ್ಬಟ್ಟಿಗೆ ಎರಡ ಸಲ ಸೂಜಿ ಚುಚ್ಚಿಕೊಂಡ್ನಿ. ಕಣ್ಣೋ ಬೆಳಕೋ, ಯಾವುದೋ ಒಂದು ಮೋಸ ಮಾಡಾಕ ಹತ್ತೇತಿ.

ನೂಲ ಹುಡುಕಾಕ ಹೋದ್ರ ಟ್ರಂಕಿನ ತಳದಾಗ ಈ ಡೈರಿ ಸಿಕ್ತು. ನನ್ನ ಅಳತಿ ಬುಕ್ಕು. ಮುಕ್ಕಾಲು ಹಾಳಿ ಬರೇ ಎದಿ, ತೋಳು, ಉದ್ದ. ಕಡೀ ಅಳತಿ ವೈನೀದು, ಅಣ್ಣನ ಹೆಂಡತೀದು — ಗುರವ್ವ, ೨೦೧೭, ದಸರಾಕ್ಕ ಜಂಪರ. ಹೊಲಿದಿಲ್ಲ ಅದು. ಮುಂದ ಎಲ್ಲಾ ಖಾಲಿ. ಇರ್ಲಿ. ಇವತ್ತ ಸಿಟ್ಟ ಬಂದೇತಿ, ಬರ್ಯಾಕ ಜಾಗ ಬೇಕಾಗಿತ್ತು.

ಅಣ್ಣ ಅಪ್ಪಾಸಾಹೇಬ ಉಣ್ಣಾಕ ಕುಂತಾಗ ಮಾತ ತಗದ. "ವಿದ್ಯಾ, ಆ ಮಷೀನಿನ ಪೆಟಗಿ ನಾಗನಾಥಗ ಕೊಡ್ತೀನಂತ ಶಬ್ದ ಕೊಟ್ಟೀನಿ. ಮಿರಜ ಹಾದ್ಯಾಗ ಹೋಟೆಲ್ ತಗ್ಯಾಕ ಹತ್ಯಾನ. ಖಂಡೇನವಮಿ ಮುಂಜಾನಿ ಟೆಂಪೋ ಬರ್ತೈತಿ."

ಖಂಡೇನವಮಿ ಅಂದ್ರ ಆಯುಧ ಪೂಜಿ, ಇನ್ನ ಹದಿಮೂರ ದಿನ. ಹೋಟೆಲಿನಾಗ ಹೊಲಿಗಿ ಮಷೀನ್ ಯಾತಕ್ಕ ಅಂತ ಕೇಳಿದ್ನಿ.

"ಮಷೀನ್ ಅಲ್ಲ, ಪೆಟಗಿ. ಮ್ಯಾಲಿನ ಹಲಗಿ ಕೊರದು ಬೇಸಿನ್ ಕೂಡಸ್ತಾರ. ಹಳೇ ಸಾಮಾನ ಕಂಡ್ರ ಈಗಿನ ಮಂದಿಗೆ ಭಾಳ ಹುಚ್ಚು."

ನಮ್ಮ ಸೋದರತ್ತಿ ಮಷೀನಿನ ಮ್ಯಾಲ ಮಂದಿ ಬಾಯಿ ಮುಕ್ಕಳಿಸಿ ಉಗುಳೂದು. ತಾಟು ಸರಿಸಿದ್ನಿ.

"ಅದು ನಂದಣ್ಣಾ."

"ನಿಂದ ಹೌದು, ಯಾರ ಇಲ್ಲಂದ್ರು. ಎಂಟ ವರ್ಷ ಆತು, ಉಪ್ಪಿನಕಾಯಿ ಭರಣಿ ಬಿಟ್ರ ಅದರ ಮ್ಯಾಲ ಏನ್ ಕುಂತೈತಿ? ಫ್ರಿಜ್ಜ ಇಡಾಕ ಜಾಗ ಇಲ್ಲ."

"ಒಳಗ ಮಲಗಿದ ಮಷೀನ್ ಎಬ್ಬಿಸಿ ತೋರ್ಸಿದ್ರ?"

ನಕ್ಕ. "ಖಂಡೇನವಮಿ ಮುಂಜಾನಿ ಟೆಂಪೋ ಬರೂದ್ರೊಳಗ ಎಬ್ಬಿಸು. ನನ್ನ ಕಣ್ಣ ಮುಂದ ಒಂದ ಗೇಣ ಹೊಲಿ. ಫ್ರಿಜ್ಜ ಪಡಸಾಲ್ಯಾಗ ಇಟ್ಕೋತೀನಿ."

ವೈನಿ ರೊಟ್ಟಿ ಬಡಿಯೂದು ನಿಂದ್ರಸಲಿಲ್ಲ. ಆಕಿ ಯಾಕ ಮಾತಾಡ್ತಾಳು. ಮುರದಾಕಿ ಆಕೀನ.

೧೯, ಶುಕ್ರವಾರ

ಭರಣಿ ಇಳಿಸಿದ್ನಿ. ಧೂಳ ಒರಸಿದ್ನಿ. ಅಡ್ಡ ಮಲಗಿ ಮೊಬೈಲ್ ಬ್ಯಾಟರಿ ಬೆಳಕ ಹಿಡದು ಪೆಟಗಿ ಹೊಟ್ಟಿ ನೋಡಿದ್ನಿ. ಐವತ್ತೇಳನೇ ವಯಸ್ಸಿನಾಗ ನೆಲಕ್ಕ ಮಲಗೂದು ಸುಲಭ, ಏಳೂದ ಕಷ್ಟ.

ಈ ಮಷೀನಿಂದು ಗಮ್ಮತ್ತ ಬ್ಯಾರೆ. ಮ್ಯಾಲ ನೋಡಿದ್ರ ಬರೇ ಮೇಜು. ಮಷೀನ್ ತಲಿ ಹೊಟ್ಟ್ಯಾಗ ಮಲಗಿರ್ತೈತಿ. ಮುಚ್ಚಳ ಎಡಕ್ಕ ತಗದ್ರ ಅದಕ್ಕ ಕಟ್ಟಿದ ಸರಪಳಿ ಒಂದ ಸಣ್ಣ ಗಾಲಿ ಮ್ಯಾಲ ಹಾದು ಕೆಳಗಿನ ಹಲಗಿ ಜಗ್ಗತೈತಿ, ಮಷೀನ್ ತಾನ ಎದ್ದ ಬಂದು ಕುಂದ್ರತೈತಿ. ಸಾವಿತ್ರೆವ್ವತ್ತಿ, ನಮ್ಮಪ್ಪನ ತಂಗಿ, ಸೊಲ್ಲಾಪುರದಾಗ ಯಾರೋ ಸಾಹೇಬರ ಮನ್ಯಾಗಿಂದ ತಂದಿದ್ಲು. ಆಕಿ ಮುಚ್ಚಳ ತಗದಾಗೆಲ್ಲಾ ಸಣ್ಣಾಕಿದ್ದಾಗ ನಾ ಕೈ ಮುಗೀತಿದ್ನಿ. ದೇವರ ಎದ್ದ ಬಂತಂತ ತಿಳಕೊಂಡಿದ್ನಿ.

ಗಂಡನ ಮನಿ ಬಿಟ್ಟ ಬಂದಾಗ ನನಗ ಇಪ್ಪತ್ತೆರಡು. ಯಾವಾಗ ತಿರುಗಿ ಹೋಗ್ತಾಳಂತ ಊರೆಲ್ಲಾ ಕಾಯ್ತಿತ್ತು. ಅತ್ತಿ ಮಷೀನ್ ಮುಂದ ಸ್ಟೂಲ್ ಸರಿಸಿ ಅಂದ್ಲು, "ಇಲ್ಲಿ ಕುಂದರು. ದುಡ್ಯಾಕ ಕುಂತಾಕೀನ ಯಾರೂ ಏಳಂದೂದಿಲ್ಲ." ಇಪ್ಪತ್ತೇಳ ವರ್ಷ ಯಾರೂ ಅನ್ನಲಿಲ್ಲ.

೨೦೧೭. ನವರಾತ್ರಿಗೆ ಮನಿ ಸಾರಿಸೂ ದಿನ. ವೈನಿ ಒಳಗ ಒರಸಾಕಂತ ಮುಚ್ಚಳ ಜಗ್ಗಿದ್ಲು. ಫಟ್ ಅಂತು. "ನಾ ಸಾವಕಾಶ ತಗದೇನ್ರಿ" ಅಂದ್ಲು. ಸಾವಕಾಶ ತಗದ್ರ ಕಬ್ಬಿಣ ಹರೀತೈತೇನು? ಓಣಿ ಹೆಣ್ಮಕ್ಕಳ ಮುಂದ ಅಂದಬಿಟ್ನಿ, ಹೊಟ್ಟಿಕಿಚ್ಚಿಲೆ ಮುರದಾಳಂತ. ಜತ್ತದಿಂದ ರಿಪೇರಿಯವ ಬಂದ, ಇದರ ಸಾಮಾನ ಸಿಗೂದಿಲ್ಲ, ಹಲಗಿ ಕೊಯ್ದು ಮಷೀನ್ ಹೊರಗ ತಗೀತೀನಿ ಅಂದ. ಬಾಗಿಲ ತೋರ್ಸಿದ್ನಿ ಅವಗ. ಅವತ್ತಿನಿಂದ ನಾ ಕೈಲೆ ಕೌದಿ ಹೊಲಿಯೂದು. ವೈನಿ ನನ್ನ ಕಡೆ ಒಂದ ಗುಂಡಿ ಹಚ್ಚಾಕೂ ಕೊಟ್ಟಿಲ್ಲ.

ಇವತ್ತ ಕಂಡೀನಿ. ಸರಪಳಿ ಒಂದ ಕೊಂಡಿ ಹರದೇತಿ. ಇಷ್ಟ. ಇಷ್ಟಕ್ಕ ಎಂಟ ವರ್ಷ.

ಅತ್ತಿ ಹಿತ್ತಾಳಿ ಬೆರಳಟೋಪಿನೂ ಸಿಕ್ತು, ಒಂದ ಸತ್ತ ಇಲಿನೂ.

೨೧, ರವಿವಾರ, ಮಧ್ಯಾಹ್ನ

ಬಸ್ ಸ್ಟ್ಯಾಂಡಿನಾಗ ಇಮಾಮಣ್ಣನ ಸೈಕಲ್ ಅಂಗಡಿ. ನಮ್ಮೂರ ಕರಜಗ್ಯಾಗ ಸ್ಟೋ, ಛತ್ರಿ, ಕೀಲಿ ಏನ ಕೆಟ್ರೂ ಅವನ ಹತ್ರನ ಹೋಗೂದು. ಹೊಸಾ ಕೊಂಡಿ ಬಡದು ಸರಪಳಿ ಕೂಡಿಸಿಕೊಟ್ಟ. ಮನಿಗೆ ಬಂದು ನಾನ ಸಿಗಸಿದ್ನಿ. ಗಾಲಿ ಮ್ಯಾಲ ಕೂಡಿಸಿ, ಮೊಳಿ ಬಿಗದು, ಅತ್ತೀನ ನೆನಸಿ ಮುಚ್ಚಳ ಜಗ್ಗಿದ್ನಿ.

ಫಟ್. ಮತ್ತೊಂದ ಕೊಂಡಿ ಹಾರಿ ಗ್ವಾಡಿಗೆ ಬಡೀತು.

ಅಣ್ಣ ಹಿಂದ ನಿಂತಿದ್ದ. ಟೇಪ್ ತಗೊಂಡು ಫ್ರಿಜ್ಜಿನ ಜಾಗ ಅಳ್ಯಾಕ ಹತ್ತಿದ. ಆ ಟೇಪೂ ನಂದ. ಕಸಕೊಂಡ್ನಿ.

೨೪, ಬುಧವಾರ

ಇಮಾಮಣ್ಣ ತಾನ ಬಂದ. ಚಹಾ ಒಲ್ಲೆ ಅಂದು ನೆಲಕ್ಕ ಮಲಗಿದ. ಆಮ್ಯಾಲ ಗಾಲಿ ಹತ್ರ ಉಗುರಿಲೆ ಕೆರದು, ಕಂದು ಬಣ್ಣದ್ದ ಏನೋ ಮೂಸಿ ನೋಡಿದ.

"ಅಕ್ಕಾ, ಇಲ್ಲಿ ಯಾವ ಎಣ್ಣಿ ಬಿಡ್ತಿದ್ದಿ?"

"ಮಷೀನ್ ತಲಿಗೆ ಮಷೀನ್ ಎಣ್ಣಿನ ಬಿಡ್ತಿದ್ನಿ. ಕೆಳಗಿನ ಸಂದಿಗೆ ವರ್ಷಕ್ಕೊಮ್ಮಿ. ಖಂಡೇನವಮಿ ಪೂಜಿ ಮುಂದ."

"ಯಾವ ಎಣ್ಣಿ ಅಂದೆ."

"ಕುಸುಬಿ ಎಣ್ಣಿ. ಮನ್ಯಾಗ ಗಾಣದ್ದ ಇರ್ತಿತ್ತಲ್ಲ."

ಎದ್ದ ಕುಂತ. "ಇದು ಎಣ್ಣಿ ಉಳದಿಲ್ಲಕ್ಕಾ, ಅರಗ ಆಗೇತಿ. ಬಾವಿ ನೀರ ಎತ್ತೂ ತೊಗಲಿನ ಚೀಲ ಸೋರಬಾರದಂತ ನಮ್ಮ ಮುತ್ತ್ಯಾ ಕುಸುಬಿ ಎಣ್ಣಿ ಕಾಸಿ ಬಡೀತಿದ್ದ. ಒಣಗಿದ್ರ ಕಲ್ಲ. ನೀ ಅರಿಷಿಣ ಕುಂಕುಮ ಬ್ಯಾರೆ ಕಲಸಿ ಹಾಕೀದಿ. ವರ್ಷ ವರ್ಷ ಬಿಗೀತ ಬಂದು ಗಾಲಿನೂ ಹಿಡದೇತಿ, ಹಲಗಿ ಏಳೂ ಕಬ್ಬಿಣದ ಸಳಿನೂ ಹಿಡದೇತಿ. ಇದನ್ನ ಯಾರ ಜಗ್ಗಿದ್ರೂ ಸರಪಳಿ ಹರೀತೈತಿ."

ಯಾರ ಜಗ್ಗಿದ್ರೂ. ಆ ಮಾತ ಹೇಳಿ ಅವ ಹೋದ. ನಾ ಸ್ಟೂಲಿನ ಮ್ಯಾಲನ ಕುಂತಿದ್ನಿ.

ಇಪ್ಪತ್ತೇಳ ಖಂಡೇನವಮಿ. ಪ್ರತಿ ಸಲ ನನ್ನ ಕೈಲೆ, ಭಕ್ತಿಲೆ, ಒಂದೊಂದ ಮಿಳ್ಳಿ ಎಣ್ಣಿ. ಮುರದಾಕಿ ನಾನ.

೨೬, ಶುಕ್ರವಾರ

ನಿನ್ನೆ ಬರೀಲಿಲ್ಲ. ಬರ್ಯಾಕ ಮುಖ ಇರಲಿಲ್ಲ.

ಇವತ್ತ ಹಿತ್ತಲದಾಗ ವೈನಿ ಒಬ್ಬಾಕೀನ ಶೇಂಗಾ ಒಣಗಸಾಕ ಹತ್ತಿದ್ಲು. ಎದುರಿಗೆ ಕುಂತು ಎಲ್ಲಾ ಹೇಳಿದ್ನಿ — ಎಣ್ಣಿ, ಅರಗು, ಸಳಿ. "ನೀವ ಮುರದಿದ್ದಲ್ಲ ವೈನಿ. ನಾ ಸುಳ್ಳ ಅಂದ್ನಿ, ಅದೂ ನಾಕ ಮಂದಿ ಮುಂದ."

ಆಕಿ ತಲಿ ಎತ್ತಲಿಲ್ಲ. "ಎಂಟ ವರ್ಷ ನಾ ಹೊತ್ತೀನಿ. ನಿನಗ ಎರಡ ದಿನ ಆತು. ಇಷ್ಟರಾಗ ಭಾರ ಆತೇನು ವಿದ್ಯಾ?"

ಶೇಂಗಾ ಹರವೂದು ನಿಂದ್ರಲಿಲ್ಲ. ನಾ ಎದ್ದ ಬಂದ್ನಿ. ನಾಚಿಕಿ ಆತು, ಅಳೂನೂ ಬಂತು. ಆಕಿ ಅಂದದ್ದ ಖರೇ ಐತಿ. ಆದ್ರ ತಪ್ಪ ನಂದಂತ ಮಷೀನ್ ಬೇಸಿನ್ ಆಗಬೇಕೇನು? ಕೆಡಸಿದಾಕಿ ನಾನಿದ್ರ ರಿಪೇರಿ ಮಾಡಾಕಿನೂ ನಾನ.

೨೮, ರವಿವಾರ

ಅಣ್ಣನ ಟ್ರ್ಯಾಕ್ಟರಿನ ಡೀಜಲ್ ಒಂದ ಬಾಟ್ಲಿ ತಗೊಂಡೀನಿ. ಕೇಳಿಲ್ಲ. ಕೇಳೂದೂ ಇಲ್ಲ.

ಮೊನ್ನಿಯಿಂದ ಸಂದಿಗೆಲ್ಲಾ ಅರಿವಿ ತೊಯ್ಸಿ ತುರಕೀನಿ. ನೆನದಷ್ಟ ಕೆರಿಯೂದು, ಮತ್ತ ತುರಕೂದು. ಕೌದಿ ಸೂಜಿ ಮೂರ ಮುರದಾವು. ಅರಿಷಿಣದ ಒಂದ ಪದರ, ಕುಂಕುಮದ್ದೊಂದ ಪದರ. ನನ್ನ ವಯಸ್ಸ ಕೆರದಂಗ ಆಗೂದು. ಮನಿ ತುಂಬ ಡೀಜಲ್ ವಾಸನಿ. ನವರಾತ್ರಿ ಘಟದ ಮುಂದ ಇದೇನ್ ಹೊಲಸ ಅಂದ ಅಣ್ಣ. ಪೂಜಿ ತಗ್ಯಾಕ ಹತ್ತೀನಿ ಅಂದ್ನಿ.

ಸಂಜಿಗೆ ಚೂರ ಸಳಿ ಅಲುಗಿತು. ಕೂದಲೆಳಿಯಷ್ಟ. ಅಲುಗಿದ್ದ ಖರೇ.

ಒಳಗ ಬಂದ್ರ ಬಾಗಿಲ ಹತ್ರ ಹಳೇ ಸೀರಿ ಹರದು ಮಾಡಿದ ಅರಿವಿ ಗಂಟ ಇತ್ತು. ನಾ ಕೇಳಿದ್ದಿಲ್ಲ. ಯಾರ ಇಟ್ರಂತ ಕೇಳೂದೂ ಇಲ್ಲ, ಆ ಪತ್ತಲದ ಅಂಚ ನನಗ ಗೊತ್ತೈತಿ.

೩೦, ಮಂಗಳವಾರ, ಸಂಜಿ ೫

ಎದ್ದೈತಿ.

ಇಮಾಮಣ್ಣ ಸರಪಳಿ ಬಿಡಿಸಿ ಸೈಕಲ್ ಬ್ರೇಕಿನ ವಾಯರ್ ಹಾಕಿದ. ಕಾಲಿಂದ ತಿರಗೂ ತೊಗಲಿನ ಪಟ್ಟಾನೂ ಹೊಸಾದ ಹಾಕಿದ. ಗಾಲಿ, ಸಳಿ ಎಲ್ಲಾ ತೊಳದು ಮಷೀನ್ ಎಣ್ಣಿ ಬಿಟ್ನಿ. "ನೀನ ತಗೀಯಕ್ಕಾ" ಅಂದ. ಮುಚ್ಚಳ ಎಡಕ್ಕ ಜಗ್ಗಿದ್ನಿ. ಮೊದಲ ಕಿರ್ ಅಂತು, ಆಮ್ಯಾಲ ಸಪ್ಪಳ ಇಲ್ಲ. ಕರೇ ತಲಿ, ಬಂಗಾರದ ಬಳ್ಳಿ ಚಿತ್ರ, ಮ್ಯಾಲ ಬಂದು ಕುಂತು. ನಾ ಕೈ ಮುಗದ್ನಿ. ಇಮಾಮಣ್ಣ ಆ ಕಡೆ ಮುಖ ಮಾಡಿ ನಟ್ಟ ಬಿಚ್ಚೂ ಪಾನಾ ಒರಸಾಕ ಹತ್ತಿದ.

ಹತ್ತ ಸಲ ಇಳಿಸಿದ್ನಿ, ಹತ್ತ ಸಲ ಎಬ್ಬಿಸಿದ್ನಿ.

ಅಣ್ಣ ಜತ್ತಕ್ಕ ಹೋಗ್ಯಾನ, ಹಬ್ಬದ ಸಾಮಾನಿಗೆ. ಇವತ್ತ ಹೊಲದ್ರ ಯಾರ ನೋಡ್ತಾರು? ಅವನ ಕಣ್ಣ ಮುಂದ ಅಂದಾನ. ನಾಳೆ ಮುಂಜಾನಿ ಅವನ ಕಣ್ಣ ಮುಂದನ.

೧ ಅಕ್ಟೋಬರ್, ಬುಧವಾರ, ಮುಂಜಾನಿ ೭

ಹುಚ್ಚಿ ನಾನು. ನಿನ್ನೇನ ಓಣಿಯವರನ್ನ ಕರದು ಹೊಲಿಬೇಕಾಗಿತ್ತು.

ಕುಡಗೋಲು, ಕೊಡ್ಲಿ, ಟ್ರ್ಯಾಕ್ಟರ್ ಕೀಲಿ, ನನ್ನ ಕತ್ತರಿ, ಎಲ್ಲಾ ಪೂಜಿಗೆ ಇಟ್ಟಾರ. ಅಣ್ಣ ಕುಸುಬಿ ಎಣ್ಣಿ ಮಿಳ್ಳಿ ಹಿಡದು ಮಷೀನ್ ಹತ್ರ ಬಂದ. ಕೈ ಅಡ್ಡ ಹಿಡದ್ನಿ. "ಅದನ್ನ ದೀಪಕ್ಕ ಹಾಕು. ಇದಕ್ಕ ಇದರದ್ದ ಎಣ್ಣಿ ಕುಡಿಸೀನಿ."

ಮುಚ್ಚಳ ತಗದ ತೋರ್ಸಿದ್ನಿ. ನೋಡಿದ. ಖುಷಿ ಆತು ಅವಗ, ಸುಳ್ಳ ಹೇಳಬಾರ್ದು, ಅತ್ತೀನ ಅವನೂ ಕಂಡಾನ. ಆದ್ರ ಶಬ್ದ ಕೊಟ್ಟ ಕುಂತಾನಲ್ಲ. "ಎದ್ದೈತಿ ಖರೇ. ಹೊಲದಿಲ್ಲ. ಖಂಡೇನವಮಿ ದಿನ ಹತ್ಯಾರ ಮುಟ್ಟಬಾರ್ದು, ಅದಕ್ಕ ವಿಶ್ರಾಂತಿ. ಶರತ್ತ ಮುಗೀತು ವಿದ್ಯಾ."

"ಎಂಟ ವರ್ಷ ವಿಶ್ರಾಂತಿ ತಗೊಂಡೈತಿ. ಇನ್ನ ಎಷ್ಟ ಬೇಕದಕ್ಕ?"

ರೂಢಿ ಅಂದ್ರ ರೂಢಿ ಅಂದ.

ಸ್ಟೂಲ್ ಸರಿಸಿ ಕುಂತೀನಿ. ಇಲ್ಲೇ ಕುಂತ ಬರ್ಯಾಕ ಹತ್ತೀನಿ. ಎತ್ತೂದಿದ್ರ ನನ್ನನ್ನೂ ಕೂಡೇ ಎತ್ತಲಿ.

೯.೪೦

ಟೆಂಪೋ ಬಂತು. ನಾಗನಾಥ ಮಷೀನ್ ಎದ್ದದ್ದ ನೋಡಿ ಕಣ್ಣ ಅಗಲಿಸಿದ. "ಅಕ್ಕಾರ, ಚಾಲೂ ಇದ್ರ ಇನ್ನೂ ಚಲೋ ಆತ್ರಿ. ಬೇಸಿನ್ ಹಾಕೂದಿಲ್ಲ, ಬಾಗಿಲದಾಗನ ಇಡ್ತೀನಿ. ಗಿರಾಕಿ ನಿಂತ ಫೋಟೊ ತಗೀತಾರ."

"ಇದರ ಮುಂದ ಕುಂತ ಹೊಲೀತಾರ, ನಿಂತ ಫೋಟೊ ತಗ್ಯಾಂಗಿಲ್ಲ" ಅಂದ್ನಿ. ಅಣ್ಣ ಮುಖ ಗಂಟ ಹಾಕಿದ. ಏಳು ಅಂದ. ಮಂದಿ ಮುಂದ, ಅದ ಮಾತ, ಏಳು. ಇಷ್ಟ ವರ್ಷಕ್ಕ ಮೊದಲನೇ ಸಲ. ಎರಡೂ ಕೈಲೆ ಸ್ಟೂಲ್ ಹಿಡಕೊಂಡ್ನಿ.

ವೈನಿ ಅಡಗಿ ಮನಿಯಿಂದ ಬಂದ್ಲು. ಕೈ ತುಂಬ ಹಿಟ್ಟು. ಅಣ್ಣನ ಮುಂದ ನಿಂತ್ಲು.

"ಹಂಚು ಹತ್ಯಾರಲ್ಲೇನ್ರಿ? ಲಟ್ಟಣಗಿ? ಒಳಗಿನ ಒಲಿ? ಇವತ್ತ ಅವಕ್ಕೂ ವಿಶ್ರಾಂತಿ ಕೊಡ್ರಿ. ನಾಗನಾಥಣ್ಣಾರ್ಗೆ ಹೋಳಿಗಿ ಎಲ್ಲಿಂದ ತರ್ತೀರಿ ತರ್ರಿ."

ಅಣ್ಣ ಮಷೀನ್ ಬಿಟ್ಟ ಹಿಂದ ಸರದ. ನಾಗನಾಥ ಚಪ್ಪಲ ನೋಡ್ಕೋತ ನಿಂತ.

ವೈನಿ ಕೈ ತೊಳಕೊಂಡು ಕ್ವಾಣ್ಯಾಗ ಹೋಗಿ ಒಂದ ಜಂಪರದ ಖಣ ತಂದ್ಲು. ಹಸರ ಮೈ, ಕೆಂಪ ಅಂಚು. ಗುರ್ತ ಹತ್ತಿತು. ೨೦೧೭ರದು. ನಾ ಹೊಲೀದ ಉಳದದ್ದು. ಮಡಿಕಿ ಗೆರಿ ಹಂಗ ಐತಿ. ಬ್ಯಾರೆಯವರ ಕಡೆ ಹೊಲಸಲಿಲ್ಲ, ಯಾರಿಗೂ ಕೊಡಲಿಲ್ಲ. ಸೂಜಿ ಕೆಳಗ ಸರಿಸಿ "ಹೊಲಿ" ಅಂದ್ಲು. ಅಷ್ಟ.

ಕಾಲ ಒತ್ತಿದ್ನಿ. ಅಂಚಿಗುಂಟ ಒಂದ ಗೇಣ. ನೆಟ್ಟಗ ಬಂತು. ಅಣ್ಣ ಬಗ್ಗಿ ನೋಡಿದ, ಬೆರಳಿಲೆ ಮುಟ್ಟಿದ, ಆಮ್ಯಾಲ ನಾಗನಾಥನ ಹೆಗಲ ಮ್ಯಾಲ ಕೈ ಹಾಕಿ ಹೊರಗ ಕರಕೊಂಡ ಹೋದ. ಟೆಂಪೋ ಸುರು ಆತು. ಖಾಲಿ ಹೊಂಟದ್ದು ಸಪ್ಪಳದಾಗ ತಿಳೀತು.

ವೈನಿ ಹೋಗಲಿಲ್ಲ. ಹಿಂದಿನ ಹಾಳ್ಯಾಗ ನಿಮ್ಮ ಅಳತಿ ಐತಿ ಅಂದ್ನಿ. "ಎಂಟ ವರ್ಷ ಮೈ ಹಂಗ ಇರ್ತೈತೇನು? ಹೊಸಾದ ತಗೋ" ಅಂದು ಕೈ ಎತ್ತಿ ನಿಂತಾಳ. ಹಂಚಿನ ಮ್ಯಾಲ ಹೋಳಿಗಿ ಸೀಯಾಕ ಹತ್ತೇತಿ. ಸೀಯಲಿ ಅಂತಾಳ.

ಗುರವ್ವ, ೨೦೨೫.

ಉದ್ದ ೧೪. ಎದಿ ೩೮. ತೋಳು —