ಸವುಳು ನೆಲದ ಹುಲ್ಲು

ಕೆಂಗೇರಿ,
10-2-2025

ಪ್ರೀತಿಯ ತಮ್ಮ ಕಾಂತರಾಜುವಿಗೆ ನಿನ್ನಕ್ಕನ ಆಶೀರ್ವಾದ.

ಮೊಣಕಾಲು ನೋವು ಹೇಗಿದೆ? ದಾವಣಗೆರೆಯಲ್ಲಿ ಬಿಸಿಲು ಆಗಲೇ ಏರಿರಬೇಕು. ಕುಸುಮಾ ಎಣ್ಣೆ ತಿಕ್ಕಲು ಬಂದರೆ ಹೆಂಡತಿ ಅಂತ ಅವಳ ಮೇಲೆ ರೇಗಬೇಡ, ಸುಮ್ಮನೆ ಕಾಲು ಚಾಚು. ಫೋನಿರುವಾಗ ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನನ್ನ ಮಾತು ಅರ್ಧ ಆಗುವಷ್ಟರಲ್ಲಿ ನಿನಗೆ ಮೀಟಿಂಗ್ ಬಂದುಬಿಡುತ್ತದೆ. ಕಾಗದಕ್ಕೆ ಆ ತೊಂದರೆಯಿಲ್ಲ.

ಕೆರೆ ಕೆಳಗಿನ ಅಪ್ಪನ ಇಪ್ಪತ್ತು ಗುಂಟೆಯನ್ನು ಪಕ್ಕದ ಗೋಡೌನಿನ ಕೆಂಚಪ್ಪನಿಗೆ ಮಾರೋಣ, ಇಪ್ಪತ್ತೊಂದನೇ ತಾರೀಖು ಬಂದು ಸಹಿ ಹಾಕು ಎಂದು ಅಪ್ಪಣೆ ಕೊಡಿಸಿದ್ದೀಯ. "ಸವುಳು ಹತ್ತಿದ ನೆಲ ಕಣಕ್ಕಾ, ಗರಿಕೆನೂ ಹುಟ್ಟಲ್ಲ" ಎಂದೆ. ಬೋರ್‌ವೆಲ್ಲಿನ ಉಪ್ಪುನೀರು ಕುಡಿಸಿ ಕುಡಿಸಿ ನೆಲ ಬೆಳ್ಳಗಾದದ್ದು ನಿಜ. ಕುಡಿಸಿದವರು ಯಾರು? ನಾನೂ ನೀನೂ. ಕೆಡಿಸಿ ಕೈತೊಳೆದುಕೊಳ್ಳುವುದು ಯಾವ ನ್ಯಾಯವೋ? ಉಂಡ ಮನೆಗೆ ಎರಡು ಬಗೆಯಬಾರದು.

ನಮ್ಮಲ್ಲಿ ಹಾಲಿಗೆ ಬರುವ ಸೌಂದರ್ಯಾ ಕೃಷಿ ಓದಿದ ಹುಡುಗಿ. ದೀಪಾವಳಿ ಹೊತ್ತಿಗೆ ಅವಳು, ರೋಡ್ಸ್ ಹುಲ್ಲು ಅಂತ ಒಂದಿದೆ, ಉಪ್ಪನ್ನು ತಡೆದುಕೊಳ್ಳುತ್ತದೆ, ಹಸುವಿಗೂ ಒಳ್ಳೆಯ ಮೇವು ಎಂದು ಹೇಳಿ ಬೀಜ ತಂದುಕೊಟ್ಟಳು. ನಾನು ಅಪ್ಪ ಕಲಿಸಿದ ಹಾಗೆ ಸಾಲು ಹೊಡೆದು, ನಡುವೆ ಮಣ್ಣಿನ ದಿಂಡೆಬ್ಬಿಸಿ, ದಿಂಡಿನ ನೆತ್ತಿಯ ಮೇಲೆ ಬಿತ್ತಿದೆ. ಹತ್ತು ದಿನಕ್ಕೆ ನೆತ್ತಿಯೆಲ್ಲ ಸುಣ್ಣ ಬಳಿದಂತಾಯಿತು, ಒಂದು ಮೊಳಕೆಯೂ ಉಳಿಯಲಿಲ್ಲ. ಕೆಂಚಪ್ಪ ಬೇಲಿಯಾಚೆ ನಿಂತು "ಏನಕ್ಕಯ್ಯಮ್ಮ, ಉಪ್ಪಿನಕಾಯಿ ಹಾಕ್ತಾ ಇದೀರಾ?" ಎಂದು ನಕ್ಕ. ಅವತ್ತು ನನಗೆ ಅನ್ನ ಸೇರಲಿಲ್ಲ.

ಸೌಂದರ್ಯಾ ಬಂದು ನೋಡಿ ತಲೆ ಚಚ್ಚಿಕೊಂಡಳು. "ಸಾಲಲ್ಲಿ ನೀರು ಬಿಟ್ರೆ ಉಪ್ಪು ಮೇಲಕ್ಕೆ ಏರಿ ನೆತ್ತೀಲೇ ಕೂತ್ಕೊಳತ್ತೆ ಅಮ್ಮಾ. ಬೆಳೆದ ಹುಲ್ಲು ತಡ್ಕೊಳತ್ತೆ, ಎಳೇ ಮೊಳಕೆ ತಡ್ಕೊಳಲ್ಲ" ಎಂದಳು. ಒಳ್ಳೆಯ ಮಣ್ಣಿಗೆ ಅಪ್ಪನ ಪಾಠ ಸರಿ, ಸವುಳಿಗೆ ಅದು ಆಗದು. ಎರಡನೇ ಸಲ ಬೀಜದ ಗೊಡವೆಗೇ ಹೋಗಲಿಲ್ಲ. ಬೇರಿರುವ ಬುಡಗಳನ್ನು ತರಿಸಿ, ದಿಂಡಿನ ಪಕ್ಕೆಗೆ, ನೀರು ಮುಟ್ಟುವ ಎತ್ತರದಲ್ಲಿ, ನನ್ನ ಪಾಲಿನ ಹತ್ತು ಗುಂಟೆಯಲ್ಲಿ ನೆಟ್ಟೆ. ಸೊಂಟ ಬಿದ್ದುಹೋಯಿತು, ಬಿಡು, ಅರವತ್ತಕ್ಕೆ ಸೊಂಟ ಇಟ್ಟುಕೊಂಡು ಏನು ಮಾಡಲಿ?

ಕಾಂತ, ಮೊನ್ನೆ ಮೊದಲನೇ ಕೊಯ್ಲು ಆಯಿತು. ಮೊಣಕಾಲೆತ್ತರ ಹುಲ್ಲು. ಗೌರಿ ಹಸು ಮೂಸಿ ನೋಡಿ, ನನ್ನ ಕೈಯಿಂದ ಕಿತ್ತುಕೊಂಡು ತಿಂದಳು. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ಕೆಂಚಪ್ಪ ಬೇಲಿ ಹತ್ತಿರ ಬಂದವನು ಹುಲ್ಲು ನೋಡಿ ಬಂದ ದಾರಿಯಲ್ಲೇ ವಾಪಸು ಹೋದ. ಆ ಮುಖ ನೋಡಲು ನೀನಿರಬೇಕಿತ್ತು. ಅದಕ್ಕಾದರೂ ಒಂದು ಸಲ ಬಾ.

ಕುಸುಮಾಳನ್ನು ಕೇಳಿದೆ ಎಂದು ಹೇಳು. ನಿಮ್ಮಿಬ್ಬರ ಮೈ ಗಟ್ಟಿಯಾಗಿರಲಿ.

ಇಂತಿ ನಿನ್ನ ಹಟಮಾರಿ ಅಕ್ಕ,
ಅಕ್ಕಯ್ಯಮ್ಮ

ತಾ.ಕ.: ಇಪ್ಪತ್ತೊಂದಕ್ಕೆ ನಾನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬರುವುದಿಲ್ಲ. ಅಕ್ಕ ಬರದಿದ್ದರೇನು, ನನ್ನ ಪಾಲಷ್ಟೇ ಮಾರುತ್ತೇನೆ ಎಂದು ನೀನು ಹೊರಡುವವನೇ. ಅದಕ್ಕೇ ನಿನ್ನೆ ಆಳು ಕರೆದುಕೊಂಡು ನಿನ್ನ ಹತ್ತು ಗುಂಟೆಯಲ್ಲೂ ಬುಡ ನೆಟ್ಟುಬಿಟ್ಟಿದ್ದೇನೆ. ಕೇಳದೆ ನೆಟ್ಟದ್ದು ತಪ್ಪೇ. ಮಾರಲೇಬೇಕೆಂದಿದ್ದರೆ ಮೊದಲು ನೀನೇ ಬಂದು ನಿನ್ನ ಕೈಯಾರೆ ಕಿತ್ತುಹಾಕು.