ಹಳದಿ ಟ್ರಕ್ಕಿನ ಹಿಂದಿನ ಅಚ್ಚು

ನಾಗಪುರ, ಮಾರ್ಚ್ ೨೦೦೪

ಶರ್ವಾಣಿ ಮಗಳೇ,

ನೀನು ತೀರಿಹೋಗಿ ಎಂಟು ತಿಂಗಳಾದ ಮೇಲೆ, ಪ್ಲಾಸ್ಟಿಕ್ ಬ್ಲಾಕುಗಳಿಂದ ನೀನು ಕಟ್ಟಿದ ಹಳದಿ ಟ್ರಕ್ಕನ್ನು ಇವತ್ತು ಬಿಚ್ಚಿದೆ. ನಿಮ್ಮವ್ವ ಅದನ್ನು ನಿನ್ನ ಶಾಲೆಗೆ ಕೊಡಬೇಕೆಂದಿದ್ದಾಳೆ. "ಕೆಟ್ಟದ್ದು ಕೊಡಬಾರದ್ರಿ, ಮೊದಲ ರಿಪೇರಿ ಮಾಡ್ರಿ" ಎಂದಳು.

ಮೋಟಾರು ಗುಂಯ್ ಎನ್ನುತ್ತಿತ್ತು, ಹಿಂದಿನ ಗಾಲಿ ತಿರುಗುತ್ತಿರಲಿಲ್ಲ. ನೀನು ಕಟ್ಟಿ ಮುಗಿಸಿದ ದಿನವೂ ಹೀಗೇ ಇತ್ತು. ಫ್ಯಾಕ್ಟರಿಯಲ್ಲಿ ದಿನವಿಡೀ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವ ನಾನು, ಅಂದು ಬಿಚ್ಚಿ ನೋಡದೆಯೇ "ಗೇರ್ ಭಾಳ ಬಿಗಿ ಕೂಡ್ಸೀದಿ" ಎಂದು ಗದರಿದ್ದೆ. "ಬರೋಬರ್ ಐತಿ ಅಪ್ಪಾ" ಎನ್ನುತ್ತಲೇ ನೀನು ಗೇರುಗಳನ್ನು ನಾಲ್ಕು ಸಲ ಬಿಚ್ಚಿ ಜೋಡಿಸಿದೆ. ಆಮೇಲೆ ಟ್ರಕ್ಕನ್ನು ಮುಟ್ಟಲೇ ಇಲ್ಲ. ಮರುವಾರ ಜ್ವರ ಬಂತು.

ಗೇರು ಬರೋಬರ್ ಇತ್ತು. ಗಾಲಿಯ ಹಿಂದೆ, ಅಚ್ಚಿಗೆ, ನಿನ್ನ ಮೂರ್ನಾಲ್ಕು ಉದ್ದ ಕೂದಲು ಬಿಗಿಯಾಗಿ ಸುತ್ತಿಕೊಂಡಿದ್ದವು. ಸೂಜಿಯಿಂದ ಬಿಡಿಸಿದೆ. ಟ್ರಕ್ಕು ಪಡಸಾಲೆ ದಾಟಿ ನಿನ್ನ ಮಂಚದ ಕಾಲಿಗೆ ಬಡಿದು ನಿಂತಿತು.

ಒಂದೇ ಸಲ ಓಡಿಸಿದೆ. ಆಮೇಲೆ ಆ ಕೂದಲನ್ನು ಮತ್ತೆ ಅಚ್ಚಿಗೆ ಸುತ್ತಿ, ಗಾಲಿ ಒತ್ತಿ ಕೂರಿಸಿದೆ.

"ಆತೇನ್ರಿ?" ಅಡುಗೆಮನೆಯಿಂದ ನಿಮ್ಮವ್ವ ಕೇಳಿದಳು.

"ಇಲ್ಲ, ಇದು ರಿಪೇರಿ ಆಗೂದಿಲ್ಲ" ಎಂದೆ.

ಅಪ್ಪ